ನೀರೊಳಗಿನ ಧ್ವನಿಮೂಲದ ದಿಕ್ಕು: ಮೆಟಾಹ್ಯೂರಿಸ್ಟಿಕ್ ಅಂದಾಜು
ನೀರೊಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ಹೈಡ್ರೋಫೋನ್ (ನೀರೊಳಗಿನ ಮೈಕ್) ಸಾಲಿನ ನೆರವಿನಿಂದ ಅಂದಾಜಿಸುವ ಗಣನಾವಿಧಾನ. ಸಮುದ್ರದಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ಸಾಲಿನ ಲಂಬಕ್ಕೆ 30 ಡಿಗ್ರಿ ಓರೆಯಾಗಿ ಬಂದ ಅಲೆ, 1 ಮೀಟರ್ ಆಚೆಗಿನ ಹೈಡ್ರೋಫೋನನ್ನು ಸೆಕೆಂಡಿನ 3000ದಲ್ಲೊಂದು ಪಾಲು ತಡವಾಗಿ ಮುಟ್ಟುತ್ತದೆ. ದಿಕ್ಕಿನ ಸುಳಿವು ಆ ತಡದಲ್ಲಿದೆ. ಕೇಳಿದ ಸದ್ದಿಗೆ ಅತಿ ಚೆನ್ನಾಗಿ ಹೊಂದುವ ದಿಕ್ಕುಗಳನ್ನು ಹುಡುಕುವ ಗರಿಷ್ಠ ಸಂಭವನೀಯತೆಯ ವಿಧಾನ ನಿಖರವಾದರೂ ದುಬಾರಿ: ಮೂರು ಮೂಲಗಳಿದ್ದರೆ, 1 ಡಿಗ್ರಿ ಅಂತರದ 180 ಕೋನಗಳಿಂದಲೇ 9,55,860 ಜೋಡಣೆಗಳನ್ನು ಪರೀಕ್ಷಿಸಬೇಕು. ಜೆನೆಟಿಕ್ ಅಲ್ಗಾರಿದಮ್, 1995ರಲ್ಲಿ ಕೆನಡಿ ಮತ್ತು ಎಬರ್‌ಹಾರ್ಟ್ ಮಂಡಿಸಿದ ಕಣಸಮೂಹ ವಿಧಾನ ಮೊದಲಾದ ಮೆಟಾಹ್ಯೂರಿಸ್ಟಿಕ್ ವಿಧಾನಗಳು ಕೆಲವು ಜೋಡಣೆಗಳನ್ನಷ್ಟೇ ಪರೀಕ್ಷಿಸುತ್ತ ಉತ್ತರದತ್ತ ಸರಿಯುತ್ತವೆ. ಅತ್ಯುತ್ತಮ ಉತ್ತರವೇ ಸಿಗುವ ಖಾತರಿಯಿಲ್ಲ. ಪ್ರಾಣಿಪಕ್ಷಿಗಳ ಹೆಸರು ಹೊತ್ತು ಬರುವ ಹೊಸ ಅಲ್ಗಾರಿದಮ್‌ಗಳಲ್ಲಿ ಹಲವು ಹಳೆಯವುಗಳ ಮರುರೂಪವೇ. ಬೀಳಗಿ ಕಡೆಯ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಂಥ ಆಳ ಕಡಿಮೆಯ ನೀರಿನಲ್ಲಿ ತಳ, ಮೇಲ್ಮೈಗಳ ಮಾರ್ದನಿ ಸುಳ್ಳು ದಿಕ್ಕುಗಳನ್ನು ತೋರಿಸಬಲ್ಲದು.