ಗಡೀಪಾರು ವಿಚಾರಣೆ ಮತ್ತು ವಲಸಿಗರ ರಕ್ಷಣಾ ವಾದಗಳು: ಅಮೆರಿಕದ ಇತಿಹಾಸ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವಿದೇಶಿ ಪ್ರಜೆಯನ್ನು ದೇಶದಿಂದ ಹೊರಗೆ ಕಳಿಸುವ ಮುನ್ನ ನಡೆಯುವ ವಿಚಾರಣೆ ನೋಡುವುದಕ್ಕೆ ಯಾವುದೇ ಕೋರ್ಟಿನ ವಿಚಾರಣೆಯಂತೆಯೇ ಇರುತ್ತದೆ. ಕಪ್ಪು ನಿಲುವಂಗಿಯ ನ್ಯಾಯಾಧೀಶರು, ಸರ್ಕಾರದ ಪರ ವಕೀಲರು, ಪ್ರಮಾಣವಚನ, ದುಭಾಷಿ, ಪಾಟೀಸವಾಲು ಎಲ್ಲವೂ ಅಲ್ಲಿವೆ. ಆದರೆ ಆ ನ್ಯಾಯಾಧೀಶರು ನ್ಯಾಯಾಂಗಕ್ಕೆ ಸೇರಿದವರಲ್ಲ. ಅಟಾರ್ನಿ ಜನರಲ್ ನೇಮಿಸಿದ ನ್ಯಾಯ ಇಲಾಖೆಯ ನೌಕರರು. ಜ್ಯೂರಿ ಇರುವುದಿಲ್ಲ. ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ವಲಸಿಗರಿಗೆ ಉಂಟು, ಆದರೆ ಫೀಜು ಅವರೇ ಕೊಡಬೇಕು. ಕೊಡಲಾಗದವರು ತಮ್ಮ ವಾದವನ್ನು ತಾವೇ ಮಂಡಿಸಬೇಕು. ಈ ಏರ್ಪಾಟನ್ನು ಯಾರೂ ಒಮ್ಮೆಗೇ ಕುಳಿತು ರೂಪಿಸಲಿಲ್ಲ. ಗಡೀಪಾರು ಅಪರಾಧಕ್ಕೆ ಕೊಡುವ ಶಿಕ್ಷೆಯಲ್ಲ, ಸರ್ಕಾರದ ಒಂದು ಆಡಳಿತ ಕ್ರಮ ಮಾತ್ರ ಎಂದು 1893ರಲ್ಲಿ ಸುಪ್ರೀಂ ಕೋರ್ಟ್ ಮಾಡಿದ ತೀರ್ಮಾನ ಅದರ ಬುನಾದಿ. ಅಲ್ಲಿಂದೀಚೆಗೆ ವಲಸಿಗರ ರಕ್ಷಣಾ ವಾದಗಳೆಲ್ಲ ಹುಟ್ಟಿದ್ದು ಆ ತೀರ್ಮಾನವನ್ನು ಉರುಳಿಸಿ ಅಲ್ಲ, ಅದರ ಸಂದುಗಳಲ್ಲಿ ಜಾಗ ಮಾಡಿಕೊಂಡು. ಅವು ಇಂದಿಗೂ ಅಸ್ಥಿರವಾಗಿರುವುದಕ್ಕೂ ಅದೇ ಕಾರಣ.

ಮೊದಲ ವಾದಿಗಳು ಚೀನಾದಿಂದ ಬಂದ ಕೂಲಿಕಾರರು. 1882ರ ಚೀನೀಯರ ಬಹಿಷ್ಕಾರ ಕಾಯ್ದೆಯ ನಂತರ ಸ್ಯಾನ್ ಫ್ರಾನ್ಸಿಸ್ಕೊ ಬಂದರಿನಲ್ಲಿ ತಡೆಯಲ್ಪಟ್ಟವರು ಫೆಡರಲ್ ಕೋರ್ಟುಗಳಿಗೆ ತಮ್ಮ ಬಂಧನವನ್ನು ಪ್ರಶ್ನಿಸುವ ಸಾವಿರಾರು ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಹಾಕಿದರು. ಬಹುಪಾಲು ಗೆದ್ದರು ಕೂಡ. ಚೀನೀಯರ ಬಗ್ಗೆ ಕೋರ್ಟುಗಳಿಗೆ ಒಲವಿತ್ತೆಂದಲ್ಲ. ಎದುರಿಗಿರುವವರ ಸಾಕ್ಷ್ಯವನ್ನು ಕೇಳಿ ತೀರ್ಪು ಕೊಡುವ ತಮ್ಮ ಪದ್ಧತಿಯನ್ನು ನ್ಯಾಯಾಧೀಶರು ಬಿಡಲಿಲ್ಲ, ಅಷ್ಟೆ. 1892ರ ಗೇರಿ ಕಾಯ್ದೆ ಒಳಗಿದ್ದವರ ಮೇಲೂ ಕೈಯಿಟ್ಟಿತು: ಪ್ರತಿಯೊಬ್ಬ ಚೀನೀ ಕೂಲಿಕಾರನೂ ವಾಸದ ಪ್ರಮಾಣಪತ್ರ ಪಡೆಯಬೇಕು, ಇಲ್ಲದವನು ತಾನು ಮೊದಲಿನಿಂದ ಇಲ್ಲಿದ್ದೆನೆಂಬುದನ್ನು ನಂಬಲರ್ಹ ಬಿಳಿಯ ಸಾಕ್ಷಿಯೊಬ್ಬನ ಮೂಲಕ ಸಾಬೀತು ಮಾಡಬೇಕು. ಫಾಂಗ್ ಯೂ ಟಿಂಗ್ ಮತ್ತಿಬ್ಬರು ಇದನ್ನು ಪ್ರಶ್ನಿಸಿದರು. ಆ ಮೂವರಲ್ಲಿ ಒಬ್ಬರ ಬಳಿ ಸಾಕ್ಷಿಗಳಿದ್ದರು, ಆದರೆ ಅವರೆಲ್ಲ ಚೀನೀಯರು. 1893ರ ಬಹುಮತದ ತೀರ್ಪಿನಲ್ಲಿ ನ್ಯಾಯಮೂರ್ತಿ ಹೊರೇಸ್ ಗ್ರೇ, ದೇಶದೊಳಗೆ ಯಾರಿರಬೇಕೆಂದು ನಿರ್ಧರಿಸುವುದು ಸಾರ್ವಭೌಮತ್ವದ ಅಂಗ, ಹಾಗೆ ಹೊರಹಾಕುವುದು ಶಿಕ್ಷೆಯಲ್ಲ, ಆದ್ದರಿಂದ ಜ್ಯೂರಿ ಮೊದಲಾದ ಸಂವಿಧಾನದ ರಕ್ಷಣೆಗಳು ಇಲ್ಲಿಗೆ ಅನ್ವಯಿಸವು ಎಂದರು. ಬ್ರೂವರ್, ಫೀಲ್ಡ್, ಫುಲ್ಲರ್ ಮೂವರೂ ಭಿನ್ನಮತ ಬರೆದರು. ಮನೆ, ವ್ಯಾಪಾರ, ಬಂಧುಬಳಗದಿಂದ ಕಿತ್ತು ದೂರ ಕಳಿಸುವುದು ಶಿಕ್ಷೆಯಲ್ಲದೆ ಇನ್ನೇನು ಎಂಬುದು ಬ್ರೂವರ್ ವಾದದ ತಿರುಳು. ಮೂರೇ ವರ್ಷದಲ್ಲಿ, 1896ರ ವಾಂಗ್ ವಿಂಗ್ ಪ್ರಕರಣದಲ್ಲಿ, ಕೋರ್ಟ್ ಗೆರೆಯ ಇನ್ನೊಂದು ತುದಿಯನ್ನೂ ಎಳೆಯಿತು: ಗಡೀಪಾರಿಗೆ ಮುನ್ನ ಕಠಿಣ ದುಡಿಮೆಯ ಸೆರೆ ವಿಧಿಸುವುದಾದರೆ ಅದು ಶಿಕ್ಷೆ, ಅದಕ್ಕೆ ಜ್ಯೂರಿ ವಿಚಾರಣೆ ಬೇಕೇ ಬೇಕು, ಆದರೆ ಕಳಿಸುವ ತಯಾರಿಗಾಗಿ ಕೂಡಿಹಾಕುವುದು ಶಿಕ್ಷೆಯಲ್ಲ. ಇಂದಿನ ವಲಸೆ ಬಂಧನ ಕೇಂದ್ರಗಳು ಕಾನೂನಿನ ಮೇಲೆ ನಿಂತಿರುವುದು ಆ ಎರಡನೆಯ ಮಾತಿನ ಆಧಾರದಲ್ಲಿ.

ಶಿಕ್ಷೆಯಲ್ಲದಿದ್ದರೂ ಅಹವಾಲು ಕೇಳಬೇಕಲ್ಲವೇ? 1901ರಲ್ಲಿ ಸಿಯಾಟಲ್‌ನಲ್ಲಿ ಇಳಿದ ಹದಿನಾರರ ಹರೆಯದ ಜಪಾನಿ ಹುಡುಗಿ ಕಾವೊರು ಯಮಾತಾಯಾಳ ಪ್ರಕರಣದಲ್ಲಿ ಈ ಪ್ರಶ್ನೆ ಎದ್ದಿತು. ದೇಶಕ್ಕೆ ಹೊರೆಯಾಗುವವಳೆಂದು ಅವಳನ್ನು ವಾಪಸು ಕಳಿಸಲು ಆಜ್ಞೆಯಾಗಿತ್ತು. ಅಧಿಕಾರಿಗಳು ನಡೆಸಿದ ವಿಚಾರಣೆಯ ಭಾಷೆ ಅವಳಿಗೆ ತಿಳಿಯುತ್ತಿರಲಿಲ್ಲ. 1903ರಲ್ಲಿ ಸುಪ್ರೀಂ ಕೋರ್ಟ್, ಒಳಗೆ ಕಾಲಿಟ್ಟವರನ್ನು ಅವರ ಮಾತು ಕೇಳದೆ ಕಳಿಸುವಂತಿಲ್ಲ, ಕಾನೂನಿನ ಸೂಕ್ತ ಪ್ರಕ್ರಿಯೆ ಅವರಿಗೂ ಸಲ್ಲುತ್ತದೆ ಎಂದು ಒಪ್ಪಿತು. ಹಾಗೆಂದು ಹುಡುಗಿಯನ್ನು ಉಳಿಸಲಿಲ್ಲ. ಇಂಗ್ಲಿಷ್ ಬಾರದಿದ್ದುದು ಅವಳ ದುರದೃಷ್ಟ ಎಂದುಬಿಟ್ಟಿತು. ಕಕ್ಷಿದಾರರು ಸೋತರೂ ತತ್ತ್ವ ಗೆಲ್ಲುವ ಈ ಮಾದರಿ ವಲಸೆ ಕಾನೂನಿನಲ್ಲಿ ಮತ್ತೆ ಮತ್ತೆ ಕಾಣುತ್ತದೆ. 1922ರ ಇಂಗ್ ಫಂಗ್ ಹೋ ತೀರ್ಪಿನಲ್ಲಿ ನ್ಯಾಯಮೂರ್ತಿ ಬ್ರಾಂಡೈಸ್ ಇನ್ನೊಂದು ಹೆಜ್ಜೆ ಮುಂದೆ ಹೋದರು: ದೇಶದೊಳಗಿದ್ದು ‘ನಾನು ಇಲ್ಲಿನ ಪ್ರಜೆ’ ಎನ್ನುವವರ ಮಾತನ್ನು ಅಧಿಕಾರಿಯಲ್ಲ, ನಿಜವಾದ ಕೋರ್ಟೇ ವಿಚಾರಿಸಬೇಕು.

ಅಧಿಕಾರಿಗಳ ಕೈಯಲ್ಲೇ ವಿಚಾರಣೆ ಇದ್ದರೆ ಏನಾಗಬಹುದೆಂಬುದಕ್ಕೆ ಅಟಾರ್ನಿ ಜನರಲ್ ಪಾಮರ್ ನಡೆಸಿದ 1919–20ರ ದಾಳಿಗಳಿಗಿಂತ ಒಳ್ಳೆಯ ಪುರಾವೆ ಬೇಕಿಲ್ಲ. ಕಮ್ಯುನಿಸ್ಟರೆಂಬ ಶಂಕೆಯ ಮೇಲೆ ಸಾವಿರಾರು ವಲಸಿಗರನ್ನು ಹಿಡಿಯುವುದಕ್ಕೆ ತುಸು ಮುಂಚೆ ಕಾರ್ಮಿಕ ಇಲಾಖೆ ತನ್ನ ನಿಯಮವನ್ನೇ ಬದಲಿಸಿಕೊಂಡಿತು. ವಿಚಾರಣೆಯ ಆರಂಭದಿಂದಲೇ ವಕೀಲರ ನೆರವು ಪಡೆಯುವ ಅವಕಾಶ ತಪ್ಪಿತು. ಆದರೆ ಗಡೀಪಾರಿನ ವಾರಂಟುಗಳೂ ಆಗ ಅದೇ ಇಲಾಖೆಯ ಕೈಯಲ್ಲಿದ್ದವು. ಅಲ್ಲಿನ ಹಿರಿಯ ಅಧಿಕಾರಿ ಲೂಯಿ ಪೋಸ್ಟ್ ಒಂದೊಂದು ಕಡತವನ್ನೂ ಓದಿ, ಸಾಕ್ಷ್ಯವಿಲ್ಲದ ಸಾವಿರಕ್ಕೂ ಹೆಚ್ಚು ವಾರಂಟುಗಳನ್ನು ರದ್ದು ಮಾಡಿದರು. ಅವರನ್ನು ಪದವಿಯಿಂದ ಇಳಿಸಲು ನಡೆದ ಯತ್ನ ಫಲಿಸಲಿಲ್ಲ. ಆಡಳಿತದೊಳಗೇ ನ್ಯಾಯ ಸಿಗಬಲ್ಲದು ಎನ್ನುವವರು ಈ ಉದಾಹರಣೆಯನ್ನು ಕೊಡುತ್ತಾರೆ. ಅದು ಅರ್ಧ ಸತ್ಯ: ಆ ಕುರ್ಚಿಯಲ್ಲಿ ಬೇರೆಯವರು ಕುಳಿತಿದ್ದರೆ ಅದೇ ಕಡತಗಳ ಮೇಲೆ ಅದೇ ಜನ ಹಡಗು ಹತ್ತಿರುತ್ತಿದ್ದರು. ಭಾರತೀಯರಿಗೂ ಗಡೀಪಾರಿನ ಈ ಅಸ್ತ್ರ ಅಪರಿಚಿತವಾಗಿರಲಿಲ್ಲ. ಗದರ್ ಚಳವಳಿಯ ಹರ್ ದಯಾಳ್ ಅವರನ್ನು 1914ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅರಾಜಕತಾವಾದಿಯೆಂದು ಗಡೀಪಾರಿಗಾಗಿ ಬಂಧಿಸಲಾಯಿತು. ಜಾಮೀನಿನ ಮೇಲೆ ಹೊರಬಂದ ಅವರು ವಾಯಿದೆಗಳಿಗೆ ಕಾಯಲಿಲ್ಲ, ಸ್ವಿಟ್ಜರ್ಲೆಂಡಿಗೆ ಹೊರಟುಹೋದರು.

ಹಿಡಿಯುವವರೂ ತೀರ್ಪು ಕೊಡುವವರೂ ಒಂದೇ ಕಚೇರಿಯವರಾಗಬಾರದು ಎಂಬ ವಾದಕ್ಕೆ 1950ರಲ್ಲಿ ಜಯ ಸಿಕ್ಕಿತು. ವಾಂಗ್ ಯಾಂಗ್ ಸಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆಡಳಿತ ಪ್ರಕ್ರಿಯಾ ಕಾಯ್ದೆ ಗಡೀಪಾರು ವಿಚಾರಣೆಗೂ ಅನ್ವಯಿಸುತ್ತದೆ ಎಂದಿತು. ಆ ಜಯ ಬಾಳಿದ್ದು ಕೆಲವೇ ತಿಂಗಳು. ಕಾಂಗ್ರೆಸ್ ಅದೇ ವರ್ಷ ಒಂದು ಅನುದಾನ ಮಸೂದೆಯ ಬಾಲಕ್ಕೆ ಸಾಲೊಂದನ್ನು ಸೇರಿಸಿ ತೀರ್ಪನ್ನು ನಿಷ್ಫಲಗೊಳಿಸಿತು. 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆ ಪ್ರತ್ಯೇಕ ವಿಧಾನವನ್ನೇ ಬರೆಯಿತು. ಇದನ್ನು ಪ್ರಶ್ನಿಸಿದ ಕುಖ್ಯಾತ ಮಾಫಿಯಾ ಮುಖಂಡ ಕಾರ್ಲೋಸ್ ಮಾರ್ಸೆಲ್ಲೊ 1955ರಲ್ಲಿ ಸೋತ. ಅನುಕಂಪಕ್ಕೆ ಎಳ್ಳಷ್ಟೂ ಎಡೆಯಿಲ್ಲದ ಕಕ್ಷಿದಾರನೊಬ್ಬನ ಮೊಕದ್ದಮೆಯಲ್ಲಿ ಲಕ್ಷಾಂತರ ಜನರ ಹಣೆಬರಹ ತೀರ್ಮಾನವಾದದ್ದು ವಲಸಿಗರ ದುರದೃಷ್ಟ. ಗಡೀಪಾರು ವಿಚಾರಣೆ ನಡೆಸುತ್ತಿದ್ದ ವಿಶೇಷ ವಿಚಾರಣಾಧಿಕಾರಿಗಳಿಗೆ 1973ರಲ್ಲಿ ವಲಸೆ ನ್ಯಾಯಾಧೀಶರೆಂಬ ಹೆಸರು ಬಂತು. 1983ರಲ್ಲಿ ಅವರನ್ನು ವಲಸೆ ಸೇವೆಯಿಂದ ಬಿಡಿಸಿ ಪ್ರತ್ಯೇಕ ಕಚೇರಿಗೆ ಸೇರಿಸಲಾಯಿತು. ಆ ಕಚೇರಿಯೂ ನ್ಯಾಯ ಇಲಾಖೆಯೊಳಗೇ ಇತ್ತು. ಈ ನ್ಯಾಯಾಧೀಶರ ಆಜ್ಞೆಗಳನ್ನು ಪರಿಶೀಲಿಸುವ ಮೇಲ್ಮನವಿ ಮಂಡಳಿಯ ತೀರ್ಪನ್ನು ಅಟಾರ್ನಿ ಜನರಲ್ ತಾವೇ ಕೈಗೆತ್ತಿಕೊಂಡು ತಿರುಗಿಸುವ ಅಧಿಕಾರ ಉಳಿದೇ ಇತ್ತು. 2018ರಲ್ಲಿ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ ಕೌಟುಂಬಿಕ ಹಿಂಸೆಗೆ ತುತ್ತಾದ ಮಹಿಳೆಯರ ಆಶ್ರಯದ ದಾರಿಯನ್ನು ಹೀಗೆಯೇ ಕಿರಿದು ಮಾಡಿದರು. 2021ರಲ್ಲಿ ಮೆರಿಕ್ ಗಾರ್ಲಂಡ್ ಆ ತೀರ್ಪನ್ನು ಅಳಿಸಿದರು. ನಡುವೆ ಬದಲಾದದ್ದು ಸರ್ಕಾರ, ಕಾಯ್ದೆಯಲ್ಲ.

ರಚನೆ ಹೀಗೆ ಮೊಂಡಾಗಿದ್ದಾಗಲೇ ವಾದಗಳ ಬತ್ತಳಿಕೆ ತುಂಬುತ್ತ ಹೋಯಿತು. 1966ರ ವುಡ್‌ಬಿ ತೀರ್ಪು, ಗಡೀಪಾರಿನ ಕಾರಣವನ್ನು ಸಂದೇಹಕ್ಕೆ ಎಡೆಯಿಲ್ಲದ, ಮನಗಾಣಿಸುವ ಸಾಕ್ಷ್ಯದಿಂದ ಸಾಬೀತು ಮಾಡುವ ಹೊರೆಯನ್ನು ಸರ್ಕಾರದ ಮೇಲೆ ಹಾಕಿತು. ಬೀಟಲ್ಸ್‌ನ ಜಾನ್ ಲೆನನ್ ಅವರನ್ನು ಬ್ರಿಟನ್ನಿನ ಹಳೆಯ ಗಾಂಜಾ ಪ್ರಕರಣದ ನೆಪದಲ್ಲಿ ಕಳಿಸಲು ಹೊರಟಾಗ, ಅವರ ವಕೀಲ ಲಿಯಾನ್ ವೈಲ್ಡ್ಸ್ ಕಡತಗಳನ್ನು ಕೆದಕಿ, ವಲಸೆ ಸೇವೆ ಕೆಲವು ಪ್ರಕರಣಗಳನ್ನು ಸದ್ದಿಲ್ಲದೆ ಬದಿಗಿರಿಸುತ್ತದೆ ಎಂಬುದನ್ನು ಬಯಲಿಗೆಳೆದರು. ಯಾರ ಮೇಲೆ ಕ್ರಮ ಜರುಗಿಸಬೇಕು, ಯಾರನ್ನು ಬಿಡಬೇಕು ಎಂಬ ಆ ವಿವೇಚನೆಯೇ 2012ರಲ್ಲಿ ಬಾಲ್ಯದಲ್ಲಿ ಬಂದವರಿಗೆ ಕೊಟ್ಟ ತಾತ್ಕಾಲಿಕ ರಕ್ಷಣೆಗೆ ಕಾನೂನಿನ ನೆಲೆಯಾಯಿತು. ಕೆನ್ಯಾದಲ್ಲಿ ಭಾರತೀಯ ದಂಪತಿಗೆ ಹುಟ್ಟಿ, ಬ್ರಿಟಿಷ್ ಪಾಸ್‌ಪೋರ್ಟಿನಲ್ಲಿ ವಿದ್ಯಾರ್ಥಿಯಾಗಿ ಬಂದಿದ್ದ ಜಗದೀಶ್ ರಾಯ್ ಚಡ್ಡಾ ಅವರ ಗಡೀಪಾರನ್ನು ವಲಸೆ ನ್ಯಾಯಾಧೀಶರು ಕಷ್ಟದ ಆಧಾರದ ಮೇಲೆ ತಡೆದಿದ್ದರು. 1975ರಲ್ಲಿ ಕಾಂಗ್ರೆಸ್ಸಿನ ಒಂದು ಸದನ ಅದನ್ನು ತಳ್ಳಿಹಾಕಿತು. 1983ರಲ್ಲಿ ಸುಪ್ರೀಂ ಕೋರ್ಟ್, ಒಂದೇ ಸದನಕ್ಕೆ ಇಂಥ ಅಧಿಕಾರವಿಲ್ಲ ಎಂದಾಗ ಇನ್ನೂರರಷ್ಟು ಕಾಯ್ದೆಗಳಲ್ಲಿದ್ದ ಶಾಸಕಾಂಗದ ವೀಟೊ ಬಿದ್ದುಹೋಯಿತು. ಅಧಿಕಾರ ವಿಭಜನೆಯ ಪಾಠವಾಗಿ ಕಾನೂನು ವಿದ್ಯಾರ್ಥಿಗಳು ಓದುವ ಈ ಪ್ರಕರಣ ಮೂಲತಃ ಒಬ್ಬ ವಲಸಿಗನ ಗಡೀಪಾರು ತಪ್ಪಿಸುವ ಹೋರಾಟವಾಗಿತ್ತು.

ಆಶ್ರಯದ ವಾದ ಬಲಗೊಂಡದ್ದು 1980ರ ನಿರಾಶ್ರಿತರ ಕಾಯ್ದೆಯಿಂದ. ಕಿರುಕುಳದ ಭಯ ಎಷ್ಟು ಗಟ್ಟಿಯಾಗಿರಬೇಕು ಎಂಬ ಪ್ರಶ್ನೆಗೆ 1987ರ ಕಾರ್ಡೋಜಾ-ಫಾನ್ಸೆಕಾ ತೀರ್ಪು, ಅಪಾಯದ ಸಾಧ್ಯತೆ ಹತ್ತರಲ್ಲಿ ಒಂದಿದ್ದರೂ ಭಯ ಸಕಾರಣವಾಗಬಹುದು ಎಂದಿತು. ಆ ಮೊಕದ್ದಮೆಯಲ್ಲಿ ವಲಸಿಗ ಮಹಿಳೆಯ ಪರ ವಾದಿಸಿ ಗೆದ್ದ ವಕೀಲೆ ಡೇನಾ ಮಾರ್ಕ್ಸ್ ಮುಂದೆ ತಾವೇ ವಲಸೆ ನ್ಯಾಯಾಧೀಶೆಯಾದರು. ಮರಣದಂಡನೆಯಷ್ಟು ಗಂಭೀರವಾದ ಮೊಕದ್ದಮೆಗಳನ್ನು ಸಂಚಾರ ನಿಯಮದ ಕೋರ್ಟಿನ ಸೌಲಭ್ಯಗಳಲ್ಲಿ ನಡೆಸುತ್ತಿದ್ದೇವೆ ಎಂದು ಅವರು ಹೇಳುತ್ತಿದ್ದುದು ಪ್ರಸಿದ್ಧವಾಗಿದೆ.

1996ರ ಎರಡು ಕಾಯ್ದೆಗಳು ಬತ್ತಳಿಕೆಯ ಅರ್ಧವನ್ನು ಬರಿದು ಮಾಡಿದವು. ‘ಉಲ್ಬಣ ಅಪರಾಧ’ಗಳ ಪಟ್ಟಿ ಎಷ್ಟು ಹಿಗ್ಗಿತೆಂದರೆ, ಅಮಾನತಿನಲ್ಲಿಟ್ಟ ಒಂದು ವರ್ಷದ ಶಿಕ್ಷೆಯ ಕಳ್ಳತನವೂ ಗ್ರೀನ್ ಕಾರ್ಡ್ ಇದ್ದವರನ್ನು ಹೊರದಬ್ಬಲು ಸಾಕಾಯಿತು. ಕಡ್ಡಾಯ ಬಂಧನ ವಿಸ್ತರಿಸಿತು. ಗಡಿಯಲ್ಲಿ ಸಿಕ್ಕವರನ್ನು ನ್ಯಾಯಾಧೀಶರ ಮುಖ ನೋಡದೆಯೇ ಕಳಿಸುವ ತ್ವರಿತ ಕ್ರಮ ಬಂತು. ಗ್ರೀನ್ ಕಾರ್ಡ್ ಇಲ್ಲದೆ ಹತ್ತು ವರ್ಷ ನೆಲೆಸಿದವರು ಉಳಿಯಬೇಕಾದರೆ, ಪ್ರಜೆಯಾದ ಅಥವಾ ಕಾಯಂ ನಿವಾಸಿಯಾದ ಸಂಗಾತಿಗೋ ಮಗುವಿಗೋ ತಂದೆತಾಯಿಗೋ ಅಸಾಧಾರಣವಾದ ಕಷ್ಟ ಆಗುತ್ತದೆಂದು ತೋರಿಸಬೇಕು. ಅದೂ ವರ್ಷಕ್ಕೆ 4,000 ಮಂದಿಗೆ ಮಾತ್ರ. ಅಪರಾಧ ಮತ್ತು ಗಡೀಪಾರು ಹೀಗೆ ಬೆಸೆದುಕೊಂಡ ಮೇಲೆ 1893ರ ತೀರ್ಮಾನ ಬಿರುಕು ಬಿಡಲೇಬೇಕಿತ್ತು. 2010ರ ಪಡಿಯಾ ಪ್ರಕರಣದಲ್ಲಿ ಆ ಬಿರುಕು ಕಾಣಿಸಿತು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಪರ ಸೇವೆ ಸಲ್ಲಿಸಿದ್ದ ಹೊಂಡುರಾಸ್ ಮೂಲದ ವ್ಯಕ್ತಿಗೆ, ತಪ್ಪೊಪ್ಪಿಕೊಂಡರೂ ವಾಸಕ್ಕೆ ತೊಂದರೆಯಿಲ್ಲವೆಂದು ಅವರ ವಕೀಲರು ಹೇಳಿದ್ದರು. ಗಡೀಪಾರಿನ ಅಪಾಯವನ್ನು ತಿಳಿಸುವುದು ಕ್ರಿಮಿನಲ್ ವಕೀಲರ ಸಾಂವಿಧಾನಿಕ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ ವಿಧಿಸಿತು. ಗಡೀಪಾರು ಶಿಕ್ಷೆ ಎಂದು ಮಾತ್ರ ಹೇಳಲಿಲ್ಲ.

ಇಂದಿನ ಪ್ರಕ್ರಿಯೆ ಶುರುವಾಗುವುದು ಹಾಜರಾಗಲು ಕೊಡುವ ನೋಟಿಸಿನಿಂದ. ದಿನಾಂಕ, ಸ್ಥಳ ಇಲ್ಲದ ನೋಟಿಸುಗಳನ್ನು ಸರ್ಕಾರ ವರ್ಷಗಟ್ಟಲೆ ಹಂಚಿತು. ವಲಸಿಗರು ವಾಸದ ವರ್ಷಗಳನ್ನು ಲೆಕ್ಕ ಹಾಕುವಾಗ ಅಂಥದ್ದನ್ನು ಪೂರ್ಣ ನೋಟಿಸೆಂದು ಎಣಿಸುವಂತಿಲ್ಲ ಎಂದು 2018 ಮತ್ತು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಮೊದಲ ಕಿರು ವಿಚಾರಣೆಯಲ್ಲಿ ಆರೋಪಗಳಿಗೆ ಉತ್ತರ, ಆಮೇಲೆ ಸಾಕ್ಷ್ಯದ ಪೂರ್ಣ ವಿಚಾರಣೆ, ಅದರಾಚೆ ಮೇಲ್ಮನವಿ ಮಂಡಳಿ, ಅಂತಿಮ ಆಜ್ಞೆಯಾದ 30 ದಿನದೊಳಗೆ ಫೆಡರಲ್ ಮೇಲ್ಮನವಿ ನ್ಯಾಯಾಲಯ. ಹಾಜರಾಗದವರ ಮೇಲೆ ಗೈರುಹಾಜರಿಯಲ್ಲೇ ಆಜ್ಞೆ. ಇದು ಕದ್ದು ಗಡಿ ದಾಟಿದವರ ಪಾಡು ಮಾತ್ರ ಎಂದುಕೊಳ್ಳಬೇಕಿಲ್ಲ. ಕೆಲಸ ಹೋದ ಎಚ್-1ಬಿ ವೀಸಾದಾರರಿಗೆ ನಿಯಮ ಕೊಡುವುದು ಹೆಚ್ಚೆಂದರೆ 60 ದಿನ. ಅದು ಮುಗಿದರೆ ಬೆಂಗಳೂರಿನಿಂದ ಹೋದ ಎಂಜಿನಿಯರಿಗೂ ಇದೇ ನೋಟಿಸು ಬರಬಹುದು.

ಗಡೀಪಾರು ವಿಚಾರಣೆಗೆ ಹೆಚ್ಚಿನ ರಕ್ಷಣೆಗಳು ಬೇಕೆಂಬ ವಾದಕ್ಕೆ ಎದುರಾಗುವ ಮೊದಲ ಆಕ್ಷೇಪ: ಯಾರು ಇರಬೇಕೆಂದು ನಿರ್ಧರಿಸುವ ಹಕ್ಕು ದೇಶಕ್ಕಿದ್ದ ಮೇಲೆ ಕ್ರಿಮಿನಲ್ ಕೋರ್ಟಿನ ರಕ್ಷಣೆಗಳನ್ನು ಕೇಳುವುದೇಕೆ? ಹಕ್ಕನ್ನು ಇಲ್ಲಿ ಯಾರೂ ಅಲ್ಲಗಳೆಯುತ್ತಿಲ್ಲ. ನಿಯಮ ಮಾಡುವುದು ಬೇರೆ, ಎದುರಿಗಿರುವವರು ಆ ನಿಯಮದೊಳಗೆ ಬರುತ್ತಾರೆಯೇ ಎಂದು ಪತ್ತೆ ಹಚ್ಚುವುದು ಬೇರೆ. ಎರಡನೆಯದು ಸಾಕ್ಷ್ಯದ ಕೆಲಸ. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಬಾಕಿ ಮೊಕದ್ದಮೆಗಳು 2023ರ ಕೊನೆಗೆ 30 ಲಕ್ಷ ದಾಟಿದವು, ಹೆಚ್ಚಿನ ರಕ್ಷಣೆಯೆಂದರೆ ಹೆಚ್ಚಿನ ವಿಳಂಬ, ಹುರುಳಿಲ್ಲದ ಅರ್ಜಿ ಹಾಕಿದವರಿಗೆ ವಿಳಂಬವೇ ಗೆಲುವು. ಇದರಲ್ಲಿ ನಿಜವಿದೆ, ಆದರೆ ವಿಳಂಬದ ಏಟು ಬೀಳುವುದು ಗಟ್ಟಿ ವಾದವಿದ್ದವರ ಮೇಲೆ. ಅವರ ಸಾಕ್ಷಿಗಳು ಚದುರುತ್ತಾರೆ, ನೆನಪು ಮಾಸುತ್ತದೆ. ಇನ್ನು ವಕೀಲರೇ ವಿಳಂಬಕ್ಕೆ ಕಾರಣ ಎಂಬ ಮಾತು ಅಂಕಿಅಂಶಗಳ ಮುಂದೆ ನಿಲ್ಲದು. 2007ರಿಂದ 2012ರವರೆಗಿನ 12 ಲಕ್ಷಕ್ಕೂ ಹೆಚ್ಚು ಪ್ರಕರಣಗಳನ್ನು ಇಂಗ್ರಿಡ್ ಈಗ್ಲಿ ಮತ್ತು ಸ್ಟೀವನ್ ಶೇಫರ್ ಪರಿಶೀಲಿಸಿದಾಗ ವಕೀಲರಿದ್ದವರು ಶೇ. 37 ಮಾತ್ರ, ಬಂಧನದಲ್ಲಿದ್ದವರಲ್ಲಿ ಶೇ. 14. ಉಳಿದವರೆಲ್ಲ ವಕೀಲರಿಲ್ಲದೆಯೇ ನಿಂತವರು. ವಕೀಲರಿದ್ದವರು ವಾಯಿದೆಗೆ ತಪ್ಪದೆ ಬರುವುದೂ ವಾಸಕ್ಕೆ ಅನುಮತಿ ಪಡೆಯುವುದೂ ಗಣನೀಯವಾಗಿ ಹೆಚ್ಚಿತ್ತು. ನ್ಯೂಯಾರ್ಕ್ ನಗರ 2013ರಲ್ಲಿ ಬಂಧಿತರಿಗೆ ಸಾರ್ವಜನಿಕ ಹಣದಲ್ಲಿ ವಕೀಲರನ್ನು ಒದಗಿಸಲು ಆರಂಭಿಸಿತು. ಅದೇ ವರ್ಷ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟೊಂದು, ಗಂಭೀರ ಮಾನಸಿಕ ಅಸ್ವಸ್ಥತೆಯಿಂದ ತಮ್ಮ ವಾದ ಮಂಡಿಸಲಾಗದ ಬಂಧಿತರಿಗೆ ಪ್ರತಿನಿಧಿಯನ್ನು ಕೊಡಲೇಬೇಕು ಎಂದು ಮೂರು ರಾಜ್ಯಗಳ ಮಟ್ಟಿಗೆ ಆಜ್ಞಾಪಿಸಿತು. ಒಂಟಿಯಾಗಿ ಬಂದ ಮಕ್ಕಳಿಗೆ ಮಾತ್ರ ದೇಶದಾದ್ಯಂತ ಅಂಥ ಹಕ್ಕು ಇನ್ನೂ ಸಿಕ್ಕಿಲ್ಲ.

ಇತ್ತೀಚಿನ ತೀರ್ಪುಗಳು ಎರಡೂ ಕಡೆ ಎಳೆಯುತ್ತಿವೆ. ಗಡಿ ದಾಟಿದ ಕೂಡಲೇ ಸಿಕ್ಕಿಬಿದ್ದ ಶ್ರೀಲಂಕಾದ ತಮಿಳರೊಬ್ಬರ ಪ್ರಕರಣದಲ್ಲಿ, ತ್ವರಿತ ಕ್ರಮದ ವಿರುದ್ಧ ಅವರಿಗೆ ಹೇಬಿಯಸ್ ಕಾರ್ಪಸ್ ದಾರಿಯಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1798ರ ಶತ್ರು ದೇಶೀಯರ ಕಾಯ್ದೆಯಡಿ ವೆನೆಜುವೆಲಾದವರನ್ನು ಕಳಿಸತೊಡಗಿದಾಗ, 2025ರಲ್ಲಿ ಅದೇ ಕೋರ್ಟ್, ಮುನ್ಸೂಚನೆಯೂ ಕೋರ್ಟಿಗೆ ಹೋಗುವ ಅವಕಾಶವೂ ಅವರಿಗೆ ಸಿಗಬೇಕು, ಹಕ್ಕು ಚಲಾಯಿಸುವ ಬಗೆ ತಿಳಿಸದೆ ಕೊಟ್ಟ 24 ಗಂಟೆಯ ನೋಟಿಸು ಸಾಲದು ಎಂದಿತು. ಅದೇ ವರ್ಷದ ಮೇ ತಿಂಗಳಿಂದ ಹಲವು ನಗರಗಳ ವಲಸೆ ನ್ಯಾಯಾಲಯಗಳಲ್ಲಿ ಸರ್ಕಾರಿ ವಕೀಲರು ತಾವೇ ಹೂಡಿದ್ದ ಪ್ರಕರಣಗಳನ್ನು ವಜಾ ಮಾಡುವಂತೆ ಕೇಳತೊಡಗಿದರು. ಪ್ರಕರಣ ವಜಾ ಆಗಿ ಹೊರಬಂದವರನ್ನು ಕಾರಿಡಾರಿನಲ್ಲೇ ಹಿಡಿದು, ನ್ಯಾಯಾಧೀಶರಿಲ್ಲದ ತ್ವರಿತ ಕ್ರಮಕ್ಕೆ ಒಳಪಡಿಸುವುದು ಇದರ ಉದ್ದೇಶ. ವಾಯಿದೆಗೆ ಬಂದರೆ ಬಂಧನ, ಬಾರದಿದ್ದರೆ ಗೈರುಹಾಜರಿ ಆಜ್ಞೆ ಎಂಬ ಇಕ್ಕಟ್ಟಿನಲ್ಲಿ ಸಿಲುಕಿದವರು ಈ ಪದ್ಧತಿಯನ್ನು ಫೆಡರಲ್ ಕೋರ್ಟುಗಳಲ್ಲಿ ಪ್ರಶ್ನಿಸಿದ್ದಾರೆ.