ಕೊಂಕುನುಡಿ



ಬ್ಯಾಂಕಿನಲ್ಲಿ ಕಾಸಿನ ಲೆಕ್ಕ ಬರೆಯುವವನಿಗೆ ಮಾತಿನ ಲೆಕ್ಕವೇಕೆ ಎಂದು ಯಾರಾದರೂ ಕೇಳಿದರೆ, ಆ ಪ್ರಶ್ನೆಯೇ ನನ್ನ ವಿಷಯಕ್ಕೆ ಮೊದಲನೆಯ ಉದಾಹರಣೆಯೆಂದು ವಿನಯದಿಂದ ಅರಿಕೆಮಾಡುತ್ತೇನೆ. ನೇರವಾಗಿ ಬೈಯದೆ ಬದಿಯಿಂದ ಚುಚ್ಚುವ ಇಂತಹ ಮಾತಿಗೆ ನಮ್ಮಲ್ಲಿ ‘ಕುಹಕ’, ‘ಕೊಂಕುನುಡಿ’ ಎಂಬ ಹೆಸರುಗಳುಂಟು. ‘ಕುಹಕ’ವು ಸಂಸ್ಕೃತದಿಂದ ಬಂದುದು; ಅದರ ಮೂಲಾರ್ಥ ಮೋಸ, ಕಣ್ಕಟ್ಟು. ‘ಕೊಂಕು’ ಅಚ್ಚಗನ್ನಡ, ಡೊಂಕು ಎಂದರ್ಥ. ನೆಟ್ಟಗೆ ಬಂದ ಬೈಗುಳಕ್ಕೆ ಉತ್ತರ ಕೊಡಬಹುದು. ಡೊಂಕಾಗಿ ಬಂದ ಮಾತಿಗೆ ಉತ್ತರ ಹೇಳುವುದು ಕಷ್ಟ.

ಈ ನೋವನ್ನು ಬಲ್ಲ ಕವಿ ಪಂಪ. ಅವನಿಗೆ ಆಶ್ರಯವಿತ್ತ ಅರಿಕೇಸರಿಯ ವೇಮುಲವಾಡವು ಇಂದು ತೆಲಂಗಾಣದಲ್ಲಿದ್ದು, ಹೈದರಾಬಾದಿನಲ್ಲಿ ನೆಲೆಸಿದ ನಮಗೆ ನೆರೆಯ ಊರೇ ಆಗಿದೆ. ಕ್ರಿ.ಶ. 941ರ ಅವನ ‘ವಿಕ್ರಮಾರ್ಜುನ ವಿಜಯ’ದಲ್ಲಿ, ಶಸ್ತ್ರವಿದ್ಯೆಯ ಪ್ರದರ್ಶನಕ್ಕೆ ಬಂದ ಕರ್ಣನ ಹುಟ್ಟನ್ನೆತ್ತಿ ದ್ರೋಣ ಕೃಪರು ಹಳಿಯುತ್ತಾರೆ. ಶೌರ್ಯದ ಮುಂದೆ ಕುಲದ ಮಾತೇಕೆಂದು ದುರ್ಯೋಧನನು ಅವನಿಗೆ ಅಂಗರಾಜ್ಯವನ್ನೇ ಕೊಡುತ್ತಾನೆ. ಮುಂದೆ ಭೀಷ್ಮನಿಗೆ ಸೇನಾಪತಿಯ ಪಟ್ಟ ಕಟ್ಟುವಾಗ ಅದೇ ಕರ್ಣನು ಆ ಅಜ್ಜನ ಮುಪ್ಪನ್ನು ಹೀಯಾಳಿಸುತ್ತಾನೆ! ಚುಚ್ಚಿಸಿಕೊಂಡು ಬೆಳೆದವನೇ ಚುಚ್ಚಿದನು. ಕಡೆಗೆ ಶರಶಯ್ಯೆಯ ಬಳಿಗೆ ಹೋಗಿ ಭೀಷ್ಮನ ಕಾಲಿಗೆರಗುತ್ತಾನೆ.

ನಾವೂ ಹೀಗೆಯೇ ಅಲ್ಲವೆ? ನಾನು ಈ ಊರಿಗೆ ಬಂದ ಹೊಸತರಲ್ಲಿ ನನ್ನ ತೊದಲು ತೆಲುಗನ್ನು ಕೇಳಿ ನಕ್ಕವರಿದ್ದರು. ಆ ನಗೆಯನ್ನು ನಾನು ಮರೆತಿಲ್ಲ. ಆದರೂ, ಒಂದು ದಿನ ನನ್ನ ಮಗಳು ಬಾಯಾರಿ ಬಂದು, “ಅಪ್ಪಾ, ನೀರು ತಾಗ್ತೀನಿ” ಎಂದಾಗ, “ಆಹಾ, ಎಂತಹ ಅಚ್ಚಗನ್ನಡ!” ಎಂದುಬಿಟ್ಟೆ. ತೆಲುಗಿನಲ್ಲಿ ‘ತಾಗು’ ಎಂದರೆ ಕುಡಿಯುವುದು; ಕನ್ನಡದಲ್ಲಿ ಮುಟ್ಟುವುದು. ಇಷ್ಟನ್ನು ಅಕ್ಕರೆಯಿಂದ ಹೇಳಿದ್ದರೆ ಸಾಕಾಗಿತ್ತು. ಅಂದಿನಿಂದ ಅವಳು ನನ್ನೊಡನೆ ಕನ್ನಡವಾಡಲು ಹಿಂಜರಿಯುತ್ತಾಳೆ.

ಪಂಪನ ತಮ್ಮ ಜಿನವಲ್ಲಭನು ಕರೀಂನಗರದ ಕಡೆಯ ಕುರ್ಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಶಾಸನ ಬರೆಯಿಸಿದನು. ಆದಿಕವಿಯ ಮನೆಯವರಿಗೆ ನೆರೆಯ ನುಡಿ ಹೊರೆಯಾಗಿರಲಿಲ್ಲ. ನಮ್ಮ ಮಕ್ಕಳ ಮಾತಿನಲ್ಲಿ ಅದು ಸುಳಿದರೆ ತಿದ್ದೋಣ, ಆದರೆ ಕೊಂಕು ಬೇಡ. ಪರಸ್ಥಳದಲ್ಲಿ ಕನ್ನಡ ಉಳಿಯಬೇಕಾದುದು ಮೊದಲು ಮನೆಯ ಅಡಿಗೆಮನೆಯಲ್ಲಿ. ಈ ರಾಜ್ಯೋತ್ಸವದ ದಿನ ನಾನಂತೂ ಮಗಳ ಬಳಿ ತಪ್ಪೊಪ್ಪಿಕೊಳ್ಳುವೆನೆಂದು ನಿಶ್ಚಯಿಸಿದ್ದೇನೆ.