ಕಾರಿನ ಕಡತ: ಸಹಕಾರನಗರದ ನೆಲೆಯಿಂದ ಮಾಲೀಕ, ಡೀಲರು ಮತ್ತು ಗ್ಯಾರೇಜುಗಳ ಸಂಬಂಧದ ಚರಿತ್ರೆ

ಶಿಲಾಶಾಸನ, ತಾಮ್ರಪಟ, ಕಡತ, ಕೈಫಿಯತ್ತುಗಳನ್ನು ಇತಿಹಾಸದ ಆಕರಗಳೆಂದು ಎಂದೋ ಒಪ್ಪಿಕೊಂಡಿರುವ ನಾವು, ಮಧ್ಯಮವರ್ಗದ ಸಂಸಾರವೊಂದರ ಬೀರುವಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿಟ್ಟ ಮೋಟಾರು ಕಾರಿನ ಕಾಗದಪತ್ರಗಳನ್ನು ಆ ಪಂಕ್ತಿಗೆ ಸೇರಿಸಲು ಇನ್ನೂ ಹಿಂದೆಮುಂದೆ ನೋಡುತ್ತೇವೆ. ಆದರೆ ಆರ್.ಸಿ. ಪುಸ್ತಕ, ವಿಮೆಯ ಪಾಲಿಸಿ, ತೆರಿಗೆಯ ರಸೀದಿ, ಡೀಲರು ಕೊಟ್ಟ ಇನ್ವಾಯ್ಸು, ಗ್ಯಾರೇಜಿನ ಬಿಲ್ಲು ಇವಿಷ್ಟನ್ನು ಕಾಲಾನುಕ್ರಮದಲ್ಲಿ ಜೋಡಿಸಿ ನೋಡಿದರೆ, ಕಳೆದ ಆರೇಳು ದಶಕಗಳಲ್ಲಿ ಕೊಳ್ಳುವವನ ಮತ್ತು ಮಾರುವವನ ಬಲಾಬಲಗಳು ಹೇಗೆ ತಿರುಗುಮುರುಗಾದವೆಂಬುದು ತಿಳಿದುಬರುತ್ತದೆ. ಕಾರು ದುರ್ಲಭವಾಗಿದ್ದ ಕಾಲದಲ್ಲಿ ಅದನ್ನು ಪಡೆಯುವುದು ಕಷ್ಟ, ರಿಪೇರಿ ಮಾಡಿಸುವುದು ಸುಲಭವಾಗಿದ್ದಿತು. ಕಾರು ಸುಲಭವಾಗಿ ಕೈಗೆ ಸಿಕ್ಕಿದ ಮೇಲೆ ಅದನ್ನು ತನಗೆ ಬೇಕಾದವರ ಕೈಯಲ್ಲಿ ರಿಪೇರಿ ಮಾಡಿಸಿಕೊಳ್ಳುವ ಸ್ವಾತಂತ್ರ್ಯವು ಕುಗ್ಗಿತು. ಈ ಲೇಖನದ ಪ್ರತಿಪಾದನೆ ಇಷ್ಟೆ.

ಇದಕ್ಕೆ ಸಹಕಾರನಗರವನ್ನು ನೆಲೆಯಾಗಿ ಆರಿಸಿಕೊಂಡುದಕ್ಕೆ ಕಾರಣವಿದೆ. ಬಳ್ಳಾರಿ ರಸ್ತೆಗೂ ಕೊಡಿಗೇಹಳ್ಳಿಗೂ ನಡುವೆ ಇರುವ ಈ ಬಡಾವಣೆ ತನ್ನ ಹೆಸರಿನಲ್ಲೇ ಸಹಕಾರತತ್ತ್ವದ ನೆನಪನ್ನು ಹೊತ್ತಿದೆ. ಪೂರ್ವದ ಅಂಚಿನಲ್ಲಿ, ಹೆದ್ದಾರಿಯ ಉದ್ದಕ್ಕೂ ಗಾಜಿನ ಗೋಡೆಗಳ ಕಾರು ಷೋರೂಮುಗಳು. ಇನ್ನೊಂದು ಬದಿಯಲ್ಲಿ, ಕೊಡಿಗೇಹಳ್ಳಿಯ ಕಡೆಗೆ, ತಗಡಿನ ಮಾಡಿನ ಗ್ಯಾರೇಜುಗಳು. ನಾವು ಹೇಳಹೊರಟಿರುವ ಚರಿತ್ರೆಯ ಎರಡು ಯುಗಗಳೂ ಇಲ್ಲಿ ನಡೆದು ಹೋಗುವಷ್ಟು ದೂರದಲ್ಲಿ ಎದುರುಬದುರಾಗಿ ನಿಂತಿವೆ. ಬೀದಿಯಲ್ಲಿ ನಿಂತ ಕಾರುಗಳ ಸಂಖ್ಯಾಫಲಕಗಳೂ ಒಂದು ಬಗೆಯ ಸ್ತರವಿನ್ಯಾಸವನ್ನು ತೋರಿಸುತ್ತವೆ. ಯಶವಂತಪುರ ಕಚೇರಿಯ ಕೆ.ಎ. ೦೪, ಯಲಹಂಕ ಕಚೇರಿಯ ಕೆ.ಎ. ೫೦, ಎಲ್ಲೋ ಒಂದೊಂದು ಕಡೆ ಮುಸುಕು ಹೊದ್ದು ನಿಂತ, ೧೯೮೯ಕ್ಕಿಂತ ಹಿಂದಿನ ಎಂ.ವೈ. ಅಥವಾ ಎಂ.ಇ. ಅಕ್ಷರಗಳ ಹಳೆಯ ಗಾಡಿ. ಪ್ರಾಕ್ತನಶಾಸ್ತ್ರಜ್ಞನು ಮಡಕೆಯ ಚೂರುಗಳಿಂದ ಮಾಡುವ ಕಾಲನಿರ್ಣಯವನ್ನು ಇಲ್ಲಿ ಫಲಕಗಳಿಂದ ಮಾಡಬಹುದು.

ನಮ್ಮ ದೇಶದಲ್ಲೇ ಕಾರು ತಯಾರಾಗಬೇಕೆಂಬ ಆಲೋಚನೆಗೆ ಮೈಸೂರಿನ ನಂಟು ಹಳೆಯದು. ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೫ರಲ್ಲಿ ಯೂರೋಪು ಮತ್ತು ಅಮೆರಿಕಗಳಲ್ಲಿ ಸಂಚರಿಸಿ ಮೋಟಾರು ಕೈಗಾರಿಕೆಯ ಯೋಜನೆಯೊಂದನ್ನು ಸಿದ್ಧಪಡಿಸಿದರು. ಅದನ್ನು ಕೈಗೆತ್ತಿಕೊಂಡ ವಾಲಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವನ್ನೂ ಅಪೇಕ್ಷಿಸಿದ್ದರು. ಬ್ರಿಟಿಷ್ ಸರ್ಕಾರದ ಪ್ರೋತ್ಸಾಹ ದೊರೆಯದೆ ಆ ಕಾರ್ಖಾನೆ ಇಲ್ಲಿ ನಿಲ್ಲಲಿಲ್ಲ. ೧೯೪೦ರ ಡಿಸೆಂಬರಿನಲ್ಲಿ ಅದೇ ವಾಲಚಂದರ ಸಾಹಸದಿಂದ ಬೆಂಗಳೂರಿಗೆ ಬಂದುದು ವಿಮಾನದ ಕಾರ್ಖಾನೆ. ಅವರ ಕಾರಿನ ಕಂಪನಿಯಾದ ಪ್ರೀಮಿಯರ್ ಆಟೊಮೊಬೈಲ್ಸ್ ೧೯೪೪ರಲ್ಲಿ ಮುಂಬಯಿಯ ಪಾಲಾಯಿತು. ನೆಲದ ಮೇಲೆ ಓಡುವುದು ತಪ್ಪಿ ಆಕಾಶದಲ್ಲಿ ಹಾರುವುದು ನಮಗೆ ದಕ್ಕಿತೆಂದು ವಿನೋದವಾಗಿ ಹೇಳಬಹುದು.

ಸ್ವಾತಂತ್ರ್ಯಾನಂತರ ಟ್ಯಾರಿಫ್ ಕಮಿಷನ್ನಿನ ೧೯೫೩ರ ವರದಿಯಂತೆ, ಬಿಡಿಭಾಗಗಳನ್ನು ತಂದು ಬರಿದೆ ಜೋಡಿಸುವ ಕಂಪನಿಗಳಿಗೆ ಇಲ್ಲಿ ಎಡೆಯಿಲ್ಲವಾಯಿತು. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಕಂಪನಿಗಳು ತಮ್ಮ ಜೋಡಣೆಯ ಶಾಲೆಗಳನ್ನು ಮುಚ್ಚಿದವು. ಉಳಿದ ಕಾರುಗಳು ಮುಖ್ಯವಾಗಿ ಮೂರು: ಹಿಂದೂಸ್ತಾನ್ ಮೋಟಾರ್ಸಿನ ಅಂಬಾಸಿಡರ್, ಪ್ರೀಮಿಯರ್ ಕಂಪನಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್. ಬೇಡಿಕೆ ಹೆಚ್ಚು, ತಯಾರಿಕೆ ಕಡಿಮೆ. ಆದ್ದರಿಂದ ೧೯೫೯ರಲ್ಲಿ ಮೋಟಾರು ಕಾರುಗಳ ವಿತರಣೆ ಮತ್ತು ಮಾರಾಟವನ್ನು ನಿಯಂತ್ರಿಸುವ ಕೇಂದ್ರ ಸರ್ಕಾರದ ಆಜ್ಞೆ ಬಂದಿತು. ಡೀಲರನ ಬಳಿ ಹೆಸರು ಬರೆಯಿಸಿ ಸರದಿಗಾಗಿ ಕಾಯಬೇಕಾಗಿದ್ದಿತು. ಬೆಲೆಯನ್ನೂ ೧೯೬೯ರಲ್ಲಿ ಸರ್ಕಾರವೇ ಗೊತ್ತುಮಾಡಿತು. ಆ ಬೆಲೆ ನ್ಯಾಯವೇ ಅಲ್ಲವೇ ಎಂಬ ವ್ಯಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋಗಿ ೧೯೭೧ರಲ್ಲಿ ತೀರ್ಮಾನವಾಯಿತು. ಇಂಥ ಸನ್ನಿವೇಶದಲ್ಲಿ ಕೊಳ್ಳುವವನು ಗ್ರಾಹಕನಾಗಿರಲಿಲ್ಲ, ಅರ್ಜಿದಾರನಾಗಿದ್ದ. ಬಣ್ಣ ಯಾವುದೆಂದು ಕೇಳುವುದು ಕೂಡ ಅಧಿಕಪ್ರಸಂಗವೆನಿಸುತ್ತಿದ್ದಿತು. ಸರದಿ ಬಂದವನ ಹೊಸ ಕಾರಿಗೆ ಕೊಂಡ ಬೆಲೆಗಿಂತ ಹೆಚ್ಚು ಬೆಲೆ ಹುಟ್ಟುತ್ತಿದ್ದುದು ಆ ಕಾಲದ ವಿಚಿತ್ರ.

ಆದರೆ ಒಮ್ಮೆ ಮನೆಗೆ ಬಂದ ಕಾರಿನ ಮೇಲೆ ಡೀಲರನ ಅಧಿಕಾರವು ಬಹಳ ಕಾಲ ನಡೆಯುತ್ತಿರಲಿಲ್ಲ. ಒಂದೇ ಮಾದರಿಯ ಯಂತ್ರವು ದಶಕಗಳ ಕಾಲ ಹೆಚ್ಚು ಬದಲಾಗದೆ ಬರುತ್ತಿದ್ದುದರಿಂದ ಅದರ ಒಳಗುಟ್ಟು ಊರೂರಿನ ಮೇಸ್ತ್ರಿಗೆ ಕರತಲಾಮಲಕವಾಗಿದ್ದಿತು. ಕಾರ್ಬ್ಯುರೇಟರನ್ನು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಊದಿ ಜೋಡಿಸುವುದು, ಪಾಯಿಂಟನ್ನು ಉಜ್ಜಿ ಅಂತರ ನೋಡುವುದು, ಸವೆದ ಬುಷ್ಷನ್ನು ಲೇತಿನಲ್ಲಿ ಕಡೆಸಿ ಹಾಕುವುದು: ಇದಕ್ಕೆಲ್ಲ ಬೇಕಾಗಿದ್ದುದು ಕಣ್ಣು, ಕಿವಿ, ಕೈ. ಬಿಡಿಭಾಗಗಳಿಗೆ ಜೆ.ಸಿ. ರಸ್ತೆ ಮತ್ತು ಕಲಾಸಿಪಾಳ್ಯ. ಹೊಸದು ಸಿಗದಿದ್ದರೆ ಅಥವಾ ದುಬಾರಿಯಾದರೆ ಶಿವಾಜಿನಗರದ ಗುಜರಿ. ಅಡುಗೋಡಿಯ ಮೈಕೊ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ಗು ಈ ಊರಿನದೇ ಸರಕಾಗಿದ್ದಿತು. ಮಾಲೀಕನು ತಾನೇ ಜೆ.ಸಿ. ರಸ್ತೆಗೆ ಹೋಗಿ ನಾಲ್ಕು ಅಂಗಡಿಗಳಲ್ಲಿ ಬೆಲೆ ವಿಚಾರಿಸಿ ಭಾಗವನ್ನು ತಂದು ಮೇಸ್ತ್ರಿಯ ಕೈಗೆ ಕೊಟ್ಟು, ಎದುರಿಗೆ ಸ್ಟೂಲು ಹಾಕಿಕೊಂಡು ಕುಳಿತು ಕೆಲಸ ಮಾಡಿಸುವ ಪದ್ಧತಿಯೊಂದು ಬೆಳೆದಿದ್ದಿತು. ಈ ಪದ್ಧತಿಯನ್ನು ರಮ್ಯವಾಗಿ ವರ್ಣಿಸುವುದು ಸರಿಯಲ್ಲ. ಹಳೆಯ ಭಾಗಕ್ಕೆ ಬಣ್ಣ ಹೊಡೆದು ಹೊಸದೆಂದು ಕೊಡುವವರಿದ್ದರು. ಇಂದು ನಾಳೆ ಎಂದು ತಿಂಗಳುಗಟ್ಟಲೆ ಗಾಡಿಯನ್ನು ಬಿಚ್ಚಿಟ್ಟುಕೊಳ್ಳುವವರೂ ಇದ್ದರು. ಆದರೂ ಒಂದು ಮಾತು ನಿಜ: ಒಬ್ಬ ಮೇಸ್ತ್ರಿ ಒಲ್ಲದಿದ್ದರೆ ಇನ್ನೊಬ್ಬನ ಬಳಿಗೆ ಹೋಗುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

೧೯೮೩ರ ಡಿಸೆಂಬರ್ ೧೪ರಂದು ಮೊದಲ ಮಾರುತಿ ಕಾರು ಮಾಲೀಕನ ಕೈ ಸೇರಿತು. ಅದಕ್ಕೂ ಹತ್ತು ಸಾವಿರ ರೂಪಾಯಿಗಳನ್ನು ಮುಂಗಡವಿಟ್ಟು ಸರದಿಯಲ್ಲಿ ನಿಂತವರು ಲಕ್ಷಕ್ಕೂ ಹೆಚ್ಚು ಮಂದಿ. ಆದುದರಿಂದ ಮಾರುತಿಯು ಕಾಯುವಿಕೆಯನ್ನು ಒಡನೆಯೇ ಕೊನೆಗಾಣಿಸಿತೆನ್ನುವುದು ಸರಿಯಲ್ಲ. ಕಾರು ತಯಾರಿಕೆಗೆ ಲೈಸೆನ್ಸು ಬೇಕೆಂಬ ನಿಯಮವು ೧೯೯೩ರಲ್ಲಿ ರದ್ದಾಗಿ, ೧೯೯೮ರ ಸುಮಾರಿಗೆ ಸ್ಯಾಂಟ್ರೊ, ಇಂಡಿಕಾ ಮುಂತಾದುವು ಪೇಟೆಗೆ ಬಂದ ಮೇಲೆ ಪರಿಸ್ಥಿತಿ ತಲೆಕೆಳಗಾಯಿತು. ಅದೇ ಹೊತ್ತಿಗೆ ಬೆಂಗಳೂರಿನ ಉತ್ತರಭಾಗವೂ ಬದಲಾಗುತ್ತಿದ್ದಿತು. ಹೆಬ್ಬಾಳದ ಮೇಲುಸೇತುವೆ ೨೦೦೩ರಲ್ಲಿ ತೆರೆಯಿತು. ದೇವನಹಳ್ಳಿಯ ವಿಮಾನನಿಲ್ದಾಣವು ೨೦೦೮ರ ಮೇ ತಿಂಗಳಲ್ಲಿ ಕಾರ್ಯಾರಂಭ ಮಾಡಿತು. ಬಳ್ಳಾರಿ ರಸ್ತೆಯು ನಗರದ ಹೆಬ್ಬಾಗಿಲಾಯಿತು, ಅದರ ಬದಿಯ ನಿವೇಶನಗಳು ಷೋರೂಮುಗಳಾದವು. ಹಿಂದೆ ಡೀಲರನ ಮುಂದೆ ಕೈಕಟ್ಟಿ ನಿಂತವನಿಗೆ ಈಗ ಕುರ್ಚಿ, ಕಾಫಿ, ಸಾಲದ ಕಾಗದ, ಕೀಲಿ ಕೊಡುವಾಗ ಹೂವಿನ ಹಾರ.

ಈ ಉಪಚಾರದ ಬೆಲೆ ಆನ್-ರೋಡ್ ದರದ ಚೀಟಿಯಲ್ಲಿ ಒಂದಿಷ್ಟು ಕಾಣುತ್ತದೆ. ಕಾರಿನ ಬೆಲೆ, ಕರ್ನಾಟಕದ ಜೀವಾವಧಿ ತೆರಿಗೆ, ನೋಂದಣಿ ಇವು ಅನಿವಾರ್ಯ. ಮೂರನೆಯವರ ಹಾನಿಗೆ ಸಂಬಂಧಿಸಿದ ವಿಮೆಯು ೧೯೩೯ರ ಕಾಯಿದೆಯ ಪ್ರಕಾರ ೧೯೪೬ರಿಂದಲೇ ಕಡ್ಡಾಯ. ಹೊಸ ಕಾರಿಗೆ ಅದನ್ನು ಒಟ್ಟಾಗಿ ಮೂರು ವರ್ಷಗಳಿಗೆ ಮಾಡಿಸಬೇಕೆಂಬುದು ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ ೨೦೧೮ರ ಸೆಪ್ಟೆಂಬರಿನಿಂದ ಜಾರಿಗೆ ಬಂದಿತು. ಆದರೆ ಆ ವಿಮೆಯನ್ನು ಡೀಲರನ ಮೂಲಕವೇ ಕೊಳ್ಳಬೇಕೆಂಬ ಕಾನೂನು ಇಲ್ಲ. ಚೀಟಿಯ ಕೊನೆಯಲ್ಲಿ ಬರುವ ಹೊದಿಕೆ, ಲೇಪನ, ನಿರ್ವಹಣೆ ಎಂಬ ಬಾಬುಗಳ ವಿಚಾರವನ್ನು ಓದುಗರ ಅನುಭವಕ್ಕೇ ಬಿಡುತ್ತೇನೆ.

ನಿಜವಾದ ಪಲ್ಲಟ ನಡೆದುದು ಕಾರಿನ ಮುಚ್ಚಳದ ಕೆಳಗೆ. ೨೦೦೦ದ ಏಪ್ರಿಲಿನಿಂದ ದೇಶದಾದ್ಯಂತ ಹೊಗೆಯ ಪ್ರಮಾಣದ ಮೇಲೆ ಹೊಸ ಕಟ್ಟುಪಾಡುಗಳು ಬಂದು, ಕ್ರಮೇಣ ಬಿಗಿಯಾಗುತ್ತ ೨೦೨೦ರಲ್ಲಿ ಬಿ.ಎಸ್. ೬ ಎಂಬ ಹಂತವನ್ನು ಮುಟ್ಟಿದವು. ಕಾರ್ಬ್ಯುರೇಟರಿನ ಸ್ಥಾನದಲ್ಲಿ ಗಣಕದ ಆಣತಿಯಂತೆ ಇಂಧನವನ್ನು ಚಿಮ್ಮಿಸುವ ವ್ಯವಸ್ಥೆ ಬಂದಿತು. ಗಾಳಿ ಶುದ್ಧವಾಗಬೇಕೆಂಬ ಉದ್ದೇಶವು ಸಾಧುವೇ. ಆದರೆ ದೋಷವು ಶಬ್ದದಲ್ಲಿ, ವಾಸನೆಯಲ್ಲಿ ಪ್ರಕಟವಾಗುವುದು ಕಡಿಮೆಯಾಗಿ, ಸಂಕೇತದ ಅಂಕಿಯಾಗಿ ಪ್ರಕಟವಾಗತೊಡಗಿತು. ಆ ಅಂಕಿಯನ್ನು ಓದುವ ಸ್ಕ್ಯಾನರು ಯಾರ ಕೈಯಲ್ಲಿದೆಯೋ ಅವನೇ ವೈದ್ಯ. ಕಂಪನಿಗಳು ಆ ಉಪಕರಣವನ್ನೂ ಅಸಲಿ ಬಿಡಿಭಾಗಗಳನ್ನೂ ತಮ್ಮ ಅಧಿಕೃತ ಡೀಲರುಗಳಿಗೆ ಮಾತ್ರ ಕೊಟ್ಟು, ಹೊರಗಡೆ ರಿಪೇರಿಯಾದ ಕಾರಿಗೆ ವಾರಂಟಿ ಇಲ್ಲವೆಂದು ಷರತ್ತು ಹಾಕಿದಾಗ, ಕೊಡಿಗೇಹಳ್ಳಿಯ ಕಡೆಯ ಮೇಸ್ತ್ರಿಯ ಇಪ್ಪತ್ತು ವರ್ಷಗಳ ವಿದ್ಯೆಯು ಒಮ್ಮೆಗೇ ಅರ್ಧವಾಯಿತು.

ಈ ಸಂಗತಿಯು ಬರಿಯ ಗೊಣಗಾಟವಲ್ಲವೆಂಬುದಕ್ಕೆ ಭಾರತೀಯ ಸ್ಪರ್ಧಾ ಆಯೋಗದ ೨೦೧೪ರ ಆಗಸ್ಟ್ ೨೫ರ ಆಜ್ಞೆಯೇ ಪ್ರಮಾಣ. ೨೦೧೧ರಲ್ಲಿ ಗ್ರಾಹಕರೊಬ್ಬರು ಕೊಟ್ಟ ಮಾಹಿತಿಯಿಂದ ಆರಂಭವಾದ ಈ ವಿಚಾರಣೆಯಲ್ಲಿ ಹದಿನಾಲ್ಕು ಕಾರು ತಯಾರಕರು ತಪ್ಪಿತಸ್ಥರೆಂದು ತೀರ್ಮಾನವಾಗಿ ಒಟ್ಟು ಸುಮಾರು ೨,೫೪೫ ಕೋಟಿ ರೂಪಾಯಿಗಳ ದಂಡ ವಿಧಿಸಲ್ಪಟ್ಟಿತು. ಬಿಡಿಭಾಗಗಳ ಮೇಲೆ ಸುಮಾರು ನೂರರಿಂದ ಐದು ಸಾವಿರ ಪ್ರತಿಶತದವರೆಗೆ ಬೆಲೆ ಏರಿಸಿದ್ದುದನ್ನು ಆಯೋಗ ಗುರುತಿಸಿತು. ಭಾಗಗಳೂ ಪರೀಕ್ಷಾ ಉಪಕರಣಗಳೂ ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯುವಂತಾಗಬೇಕು, ಹೊರಗೆ ರಿಪೇರಿ ಮಾಡಿಸಿದನೆಂಬ ಒಂದೇ ಕಾರಣದಿಂದ ವಾರಂಟಿಯನ್ನು ಪೂರ್ತಿಯಾಗಿ ಕಿತ್ತುಹಾಕಬಾರದು ಎಂದು ಅದು ನಿರ್ದೇಶಿಸಿತು. ಕಂಪನಿಗಳು ಮೇಲ್ಮನವಿಗೆ ಹೋದವು. ೨೦೧೬ರ ಡಿಸೆಂಬರಿನಲ್ಲಿ ಮೇಲ್ಮನವಿಯ ನ್ಯಾಯಾಧಿಕರಣವು ಮೂರು ಕಂಪನಿಗಳ ವಿಷಯದಲ್ಲಿ ತಪ್ಪನ್ನು ಒಪ್ಪಿ ದಂಡವನ್ನು ಇಳಿಸಿತು. ೨೦೨೨ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ರಿಪೇರಿಯ ಹಕ್ಕಿಗೆಂದೇ ಒಂದು ಮಾಹಿತಿ ವ್ಯವಸ್ಥೆಯನ್ನು ತೆರೆಯಿತು. ನನ್ನ ಅಭಿಪ್ರಾಯದಲ್ಲಿ ನಮ್ಮ ಮೋಟಾರು ಚರಿತ್ರೆಯಲ್ಲಿ ೧೯೮೩ಕ್ಕೆ ಸಲ್ಲುವ ಸ್ಥಾನ ೨೦೧೪ಕ್ಕೂ ಸಲ್ಲಬೇಕು. ಅದಕ್ಕೆ ಹೂಮಾಲೆಯ ಛಾಯಾಚಿತ್ರವಿಲ್ಲದಿರುವುದರಿಂದ ಅದು ಜನರ ನೆನಪಿನಲ್ಲಿ ಉಳಿದಿಲ್ಲ.

ಡೀಲರು ತಪ್ಪು ಮಾಡಿದರೆ ಕಂಪನಿಯು ಹೊಣೆಯೇ ಎಂಬ ಪ್ರಶ್ನೆಯೂ ಮುಖ್ಯವಾದುದು. ಗೋವೆಯಲ್ಲಿ ೨೦೧೧ರಲ್ಲಿ ಹೊಸ ಕಾರಿಗೆ ಹಣ ಕೊಟ್ಟವರೊಬ್ಬರಿಗೆ ೨೦೦೯ರಲ್ಲಿ ತಯಾರಾದ ಗಾಡಿಯನ್ನು ಡೀಲರು ಒಪ್ಪಿಸಲು ಹೊರಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ೨೦೨೧ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಕಂಪನಿಗೂ ಡೀಲರಿಗೂ ಇದ್ದುದು ಧಣಿ ಮತ್ತು ಏಜೆಂಟರ ಸಂಬಂಧವಲ್ಲ, ಇಬ್ಬರು ಸ್ವತಂತ್ರ ವ್ಯಾಪಾರಿಗಳ ಸಂಬಂಧ; ಡೀಲರನ ಈ ಕೃತ್ಯ ಕಂಪನಿಗೆ ಗೊತ್ತಿದ್ದುದಕ್ಕೆ ಆಧಾರವಿಲ್ಲದೆ ಅದನ್ನು ಹೊಣೆ ಮಾಡಲಾಗದು, ಎಂಬುದು ಅದರ ಸಾರ. ಷೋರೂಮಿನ ಹಲಗೆಯ ಮೇಲೆ ಯಾರ ಹೆಸರು ಎಷ್ಟು ದೊಡ್ಡದಾಗಿದ್ದರೂ ಬಿಲ್ಲಿನ ಮೇಲಿರುವ ಹೆಸರೇ ಮುಖ್ಯವೆಂದು ಇದರಿಂದ ಸಿದ್ಧವಾಗುತ್ತದೆ.

ಹಳೆಯ ಕಾರಿನ ಮಾರಾಟದಲ್ಲಿ ಕಾಗದದ ಮಹಿಮೆ ಇನ್ನೂ ಹೆಚ್ಚು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೦ನೆಯ ಪ್ರಕರಣದಂತೆ, ಅದೇ ರಾಜ್ಯದೊಳಗೆ ಮಾರಿದವನು ಹದಿನಾಲ್ಕು ದಿನಗಳಲ್ಲಿಯೂ ಕೊಂಡವನು ಮೂವತ್ತು ದಿನಗಳಲ್ಲಿಯೂ ನೋಂದಣಿ ಕಚೇರಿಗೆ ವರದಿ ಮಾಡಬೇಕು. ವಾಡಿಕೆಯೋ ಬೇರೆ. ಖಾಲಿ ನಮೂನೆಗಳಿಗೆ ರುಜು ಹಾಕಿ ದಲ್ಲಾಳಿಯ ಕೈಗೆ ಕೊಟ್ಟು ಹಣ ಎಣಿಸಿಕೊಂಡರೆ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಈ ಲೇಖಕನೂ ಒಮ್ಮೆ ಹಾಗೆಯೇ ಮಾಡಿ, ಏಳು ತಿಂಗಳ ತರುವಾಯ, ತಾನೆಂದೂ ಕಾಣದ ಊರಿನಲ್ಲಿ ಅತಿವೇಗದಿಂದ ಹೋದುದಕ್ಕಾಗಿ ನೋಟೀಸು ಪಡೆದನು. ದಂಡದೊಡನೆ ಮುಗಿದುದು ಪುಣ್ಯ. ೨೦೧೮ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಮೊಕದ್ದಮೆಯಲ್ಲಿ ಕಾರು ಒಬ್ಬರಿಂದೊಬ್ಬರಿಗೆ ಹಲವು ಕೈ ದಾಟಿದ್ದಿತು, ಆದರೆ ದಾಖಲೆಯಲ್ಲಿ ಮೊದಲಿನವನ ಹೆಸರೇ ಉಳಿದಿದ್ದಿತು. ಅಪಘಾತದ ಪರಿಹಾರವನ್ನು ಕೊಡುವ ಹೊಣೆ ಆ ಹೆಸರಿನವನ ಮೇಲೆಯೇ ಬಿದ್ದಿತು. ಸತ್ತವರ ಸಂಸಾರವು ಮಾರಾಟದ ಸರಪಣಿಯನ್ನು ಹಿಡಿದು ಅಲೆಯುವಂತಾಗಬಾರದೆಂಬ ಕಾಳಜಿ ಆ ತೀರ್ಪಿನ ಹಿಂದೆ ಇದೆ. ೨೦೨೩ರ ಏಪ್ರಿಲಿನಿಂದ ಜಾರಿಗೆ ಬಂದ ನಿಯಮಗಳಂತೆ ಹಳೆಯ ಕಾರುಗಳ ವ್ಯಾಪಾರಿಯು ನೋಂದಣಿ ಕಚೇರಿಯಿಂದ ಅಧಿಕಾರಪತ್ರ ಪಡೆಯಬೇಕು, ಕಾರು ತನ್ನ ವಶಕ್ಕೆ ಬಂದುದನ್ನು ಕಚೇರಿಗೆ ತಿಳಿಸಬೇಕು.

೧೯೮೬ರ ಗ್ರಾಹಕ ರಕ್ಷಣಾ ಕಾಯಿದೆಯೂ, ಅದರ ಸ್ಥಾನದಲ್ಲಿ ೨೦೨೦ರ ಜುಲೈನಿಂದ ಜಾರಿಗೆ ಬಂದ ೨೦೧೯ರ ಕಾಯಿದೆಯೂ ಮಾಲೀಕನಿಗೆ ವಕೀಲನಿಲ್ಲದೆಯೇ ದೂರು ಕೊಡುವ ದಾರಿಯನ್ನು ತೆರೆದಿವೆ. ಈಗ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದು. ಆದರೆ ಆಯೋಗದ ಮುಂದೆ ನಿಲ್ಲುವುದು ಜಾಬ್ ಕಾರ್ಡು, ಬಿಲ್ಲು, ದೂರಿನ ಪ್ರತಿ. ಹೀಗಾಗಿ ದುಬಾರಿ ಷೋರೂಮಿನೊಡನೆ ಜಗಳವಾಡುವುದಕ್ಕೆ ಮಾಲೀಕನ ಬಳಿ ಬೇಕಾದಷ್ಟು ಕಾಗದವಿರುತ್ತದೆ. ತಾನು ನಂಬಿದ ಮೇಸ್ತ್ರಿಯ ವಿಷಯದಲ್ಲಿ ಏನೂ ಇರುವುದಿಲ್ಲ. ಮುಂದೆ ಇತಿಹಾಸ ಬರೆಯುವವರಿಗೂ ಇದೇ ತೊಡಕು. ಡೀಲರುಗಳ ದಾಖಲೆ ಉಳಿಯುತ್ತದೆ, ಗ್ಯಾರೇಜಿನದು ಉಳಿಯುವುದಿಲ್ಲ.

ಬ್ಯಾಟರಾಯನಪುರದ ಕಡೆಯ ಒಂದು ಗ್ಯಾರೇಜಿನಲ್ಲಿ ಈಚೆಗೆ ಕ್ಲಚ್ ಪ್ಲೇಟ್ ಬದಲಾಯಿಸಿದ ಮೇಲೆ ಈ ಲೇಖಕನು ರಸೀದಿ ಕೇಳಿದಾಗ ಮೇಸ್ತ್ರಿಯವರು ನಕ್ಕು, ಬಿಡಿಭಾಗದ ರಟ್ಟಿನ ಪೆಟ್ಟಿಗೆಯನ್ನು ಹರಿದು ಅದರ ಒಳಮೈಯಲ್ಲಿ ಭಾಗದ ಬೆಲೆಯನ್ನೂ ಕೂಲಿಯನ್ನೂ ಬರೆದು ಕೊಟ್ಟರು. ಅದರಲ್ಲಿ ಹೆಸರಿಲ್ಲ, ರುಜುವಿಲ್ಲ. ಅದನ್ನೂ ಕಡತಕ್ಕೆ ಸೇರಿಸಿ, ಮೂಲೆಯಲ್ಲಿ ತಾರೀಖನ್ನು ಪೆನ್ಸಿಲಿನಿಂದ ನಾನೇ ಬರೆದಿದ್ದೇನೆ.